4,29,49,67,297 ಎಂಬ ಸಂಖ್ಯೆಯನ್ನು ಕೈಯಲ್ಲೇ ಒಡೆಯುವುದು ಹೇಗೆ

2³²ಕ್ಕೆ 1 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. 2ರ ಘಾತ 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋಗುವ ಇಂಥವೆಲ್ಲ ಅವಿಭಾಜ್ಯವೇ ಎಂದು ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದ. ಇನ್ನೊಬ್ಬ ಗಣಿತಜ್ಞ ಆಯ್ಲರ್ 1732ರಲ್ಲಿ ಇದನ್ನು ಭಾಜಕಗಳಾಗಿ ಒಡೆದು ತೋರಿಸಿದ. ಕಾಗದ, ಪೆನ್ನು ಸಾಕು.

3, 7, 11 ಎಂದು ಸಾಲಾಗಿ ಭಾಗಿಸಲು ಹೊರಡಬೇಡಿ. ವರ್ಗಮೂಲ 65,536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ. ಬದಲಿಗೆ ಹೀಗೆ ಯೋಚಿಸಿ: ಅವಿಭಾಜ್ಯ ಭಾಜಕ ಯಾವುದೇ ಇರಲಿ, ಅದರಿಂದ ಭಾಗಿಸಿದಾಗ 2³²ರ ಶೇಷ −1 (ಅಂದರೆ ಭಾಜಕಕ್ಕೆ ಒಂದು ಕಡಿಮೆ), ಹಾಗಾಗಿ 2⁶⁴ರ ಶೇಷ 1. ಅದಕ್ಕಿಂತ ಚಿಕ್ಕ ಘಾತಕ್ಕೆ 1 ಬರುವುದಿಲ್ಲ. ಅಂದಮೇಲೆ ಫರ್ಮಾನದೇ ಕಿರುಪ್ರಮೇಯದಂತೆ (ಅವಿಭಾಜ್ಯದಲ್ಲಿ 1 ಕಳೆದು ಬಂದದ್ದನ್ನು ಘಾತವಾಗಿಟ್ಟರೆ, ಅದರಿಂದ ಭಾಗವಾಗದ ಯಾವ ಸಂಖ್ಯೆಗೂ ಶೇಷ 1), ಭಾಜಕದಲ್ಲಿ 1 ಕಳೆದರೆ ಉಳಿದದ್ದು 64ರ ಅಪವರ್ತ್ಯವಾಗಿರಲೇಬೇಕು. 1878ರಲ್ಲಿ ಗಣಿತಜ್ಞ ಲ್ಯೂಕಾ ಈ 64ನ್ನು 128ಕ್ಕೆ ಏರಿಸಿದ. ಈಗ ಪಟ್ಟಿ ನೋಡಿ: 129, 257, 385, 513, 641. ಇದರಲ್ಲಿ ಅವಿಭಾಜ್ಯಗಳು ಎರಡೇ. 257ಕ್ಕೆ ಶೇಷ 2 ಉಳಿಯುತ್ತದೆ. 641ಕ್ಕೆ ಏನೂ ಉಳಿಯುವುದಿಲ್ಲ.

ಉದ್ದ ಭಾಗಾಕಾರ ಮಾಡದೆಯೂ ಇದನ್ನು ತಾಳೆ ನೋಡಬಹುದು. 641 = 5×2⁷ + 1, ಆದ್ದರಿಂದ 5×2⁷ರ ಶೇಷ −1; ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಇನ್ನೊಂದು ಕಡೆ 641 = 5⁴ + 2⁴, ಅಂದರೆ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟ ಕೂಡಲೇ −2³²ರ ಶೇಷ 1 ಆಗುತ್ತದೆ, ಅಂದರೆ 2³² + 1ಕ್ಕೆ ಶೇಷ ಉಳಿಯುವುದಿಲ್ಲ. ಇಷ್ಟು ಚೊಕ್ಕ ಲೆಕ್ಕ ಸಿಗುವುದು ಅಪರೂಪ.

ಭಾಗಲಬ್ಧ 67,00,417. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಆದರೆ ಇದು ಅವಿಭಾಜ್ಯವೇ ಎಂದು ಇನ್ನೂ ಗೊತ್ತಾಗಿಲ್ಲ. ಇದರ ವರ್ಗಮೂಲ 2,588 ಚಿಲ್ಲರೆ. 128ರ ನಿಯಮಕ್ಕೆ ಒಗ್ಗುವ ಅವಿಭಾಜ್ಯಗಳು ಅಲ್ಲಿಯವರೆಗೆ ಐದೇ. 257, 641, 769, 1153, 1409ರಿಂದ ಭಾಗಿಸಿದರೆ ಕ್ರಮವಾಗಿ 170, 44, 120, 334, 622 ಉಳಿಯುತ್ತವೆ. ಮುಗಿಯಿತು, ಅವಿಭಾಜ್ಯವೇ. ಮೂಲ ಸಂಖ್ಯೆಗೆ ಭಾಜಕಗಳು ನಾಲ್ಕು, ಅವುಗಳ ಮೊತ್ತ 4,30,16,68,356.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರು ಎಡವುವ ಜಾಗಗಳಿವೆ. ಫರ್ಮಾ ಪರೀಕ್ಷೆಯಲ್ಲಿ, ಪರೀಕ್ಷಿಸುವ ಸಂಖ್ಯೆಯಲ್ಲಿ 1 ಕಳೆದದ್ದನ್ನು ಒಂದು ಆಧಾರಕ್ಕೆ ಘಾತವಾಗಿಟ್ಟು, ಶೇಷ 1 ಬರದಿದ್ದರೆ ಅವಿಭಾಜ್ಯವಲ್ಲ ಎನ್ನುತ್ತೇವೆ. ಅದಕ್ಕೆ ಆಧಾರವಾಗಿ 2 ಕೊಟ್ಟರೆ ಶೇಷ 1 ಬಂದು ಸಂಖ್ಯೆ ಪಾಸಾಗಿಬಿಡುತ್ತದೆ: 2⁶⁴ರ ಶೇಷವೇ 1, 2³² ಎಂಬ ಘಾತವೋ 64ರ ಅಪವರ್ತ್ಯ. ಆಧಾರ 3 ಇಡಿ. ಆಗ 3,02,90,26,160 ಉಳಿದು ಬಣ್ಣ ಬಯಲಾಗುತ್ತದೆ. ಪೈಥಾನ್‌ನ ಪವ್ ಫಂಕ್ಷನ್‌ಗೆ ಆಧಾರ, ಘಾತ, ಭಾಜಕ ಮೂರನ್ನೂ ಒಟ್ಟಿಗೆ ಕೊಡಿ. ಮೊದಲು ಘಾತ, ಆಮೇಲೆ ಶೇಷ ಎಂದು ಹೋದರೆ ಇನ್ನೂರು ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಕಟ್ಟಲು ಹೊರಟಂತೆ. 32 ಬಿಟ್‌ನ ಅನ್‌ಸೈನ್ಡ್ ಪೂರ್ಣಾಂಕದಲ್ಲಂತೂ ಇಡೀ ಸಂಖ್ಯೆ ಉಕ್ಕಿ ಬರೀ 1 ಉಳಿಯುತ್ತದೆ. 64 ಬಿಟ್ ಬಳಸಿ.

ಎರಡು ವರ್ಗಗಳ ಮೊತ್ತವಾಗಿ ಬರೆಯುವುದು ಬಾಕಿ. 65,536² + 1² ಎದುರಿಗೇ ಇದೆ. 641 = 25² + 4², 67,00,417 = 2,556² + 409². ಅಡ್ಡ ಗುಣಿಸಿ: 25×2,556ರಲ್ಲಿ 4×409 ಕಳೆದರೆ 62,264, 25×409ಕ್ಕೆ 4×2,556 ಕೂಡಿಸಿದರೆ 20,449. ಇವೆರಡರ ವರ್ಗಗಳನ್ನು ಕೂಡಿಸಿದರೂ ಅದೇ ಸಂಖ್ಯೆ ಬರುತ್ತದೆ. ಅವಿಭಾಜ್ಯಕ್ಕೆ ಹೀಗೆ ಎರಡು ದಾರಿ ಇರುವುದಿಲ್ಲ.