ಕುಶಾಲನಗರದಲ್ಲಿ ವಜ್ರಕ್ಕೆ ಸಾಣೆ: ನನ್ನ ಅನುಭವ

ಕುಶಾಲನಗರದಲ್ಲಿ ವಜ್ರಕ್ಕೆ ಸಾಣೆ ಹಿಡಿಯುತ್ತೇನೆ ಅಂದರೆ ಜನ ಮೊದಲು ಕೇಳುವುದೇ, ಕೊಡಗಲ್ಲಿ ವಜ್ರ ಎಲ್ಲಿ ಸಿಗುತ್ತೆ ಅಂತ. ಸಿಗುವುದಿಲ್ಲ. ಸೂರತ್‌ನಲ್ಲೂ ಸಿಗುವುದಿಲ್ಲ. ಆದರೂ ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸಾಣೆ ಕಾಣುವುದು ನಮ್ಮ ದೇಶದಲ್ಲೇ, ಅದರಲ್ಲೂ ಬಹುಪಾಲು ಸೂರತ್‌ನಲ್ಲಿ.

ನಾನು ಅಲ್ಲಿಗೆ ಹೋಗಿದ್ದು ಕಾಫಿ ಬೆಲೆ ನೆಲಕಚ್ಚಿದ್ದಾಗ, 2001-02ರ ಹೊತ್ತಿಗೆ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ತೋಟ, ಕೊಯ್ಲಿನ ಕೂಲಿ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಪರಿಚಯದವರೊಬ್ಬರು ಸೂರತ್‌ನ ವರಾಛಾ ಬಡಾವಣೆ ಕಡೆಯ ಒಂದು ಕಾರ್ಖಾನೆಗೆ ಸೇರಿಸಿದರು. ಸಾಣೆ ಕೂರಿಸಿದ ಮೇಜಿಗೆ ಅಲ್ಲಿ ಘಂಟಿ ಅನ್ನುತ್ತಾರೆ, ಒಂದು ಘಂಟಿಯ ಸುತ್ತ ನಾಲ್ಕು ಜನ. ನನ್ನ ಜೊತೆಗಿದ್ದವರು ಹೆಚ್ಚಿನವರು ಸೌರಾಷ್ಟ್ರದ ಹಳ್ಳಿಯವರು, ಮಳೆ ಕೈಕೊಟ್ಟು ಊರು ಬಿಟ್ಟವರು. ಅಣ್ಣ ಬಂದು ಕಲಿತ, ತಮ್ಮನನ್ನು ಕರೆಸಿದ, ತಮ್ಮ ಭಾವಮೈದುನನನ್ನು ಕರೆಸಿದ. ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಕಲಿಯುವುದು. ಇಷ್ಟು ದೊಡ್ಡ ಉದ್ಯಮ ಬೆಳೆದಿದ್ದು ಹೀಗೆ.

ಇನ್ನೊಂದು ಕಾರಣ ಸಣ್ಣ ಕಲ್ಲು. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರ ನೂರರಲ್ಲಿ ಒಂದು ಭಾಗ ಒಂದು ಸೆಂಟ್. ಎರಡು ಮೂರು ಸೆಂಟಿನ ಕಲ್ಲಿಗೆ ಬೆಲ್ಜಿಯಂನ ಹಳೆಯ ವಜ್ರದ ಊರು ಆಂಟ್‌ವರ್ಪ್‌ನ ಕೂಲಿ ಕೊಟ್ಟರೆ ಗಿಟ್ಟುವುದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಸಣ್ಣ ಸಣ್ಣ ಕಂದು ಕಲ್ಲು ರಾಶಿ ರಾಶಿ ಬಂದಾಗ ಅದಕ್ಕೆ ಕೈಹಾಕಿದವರು ನಮ್ಮವರೇ. ಆ ಗಣಿ 2020ರಲ್ಲಿ ಮುಚ್ಚಿತು.

ಇನ್ನು ಕೆಲಸದ ವಿಷಯ. ಸಾಣೆ ಅಂದರೆ ಎರಕದ ಕಬ್ಬಿಣದ ದಪ್ಪ ಚಕ್ರ, ನಿಮಿಷಕ್ಕೆ ಹೆಚ್ಚುಕಮ್ಮಿ 3,000 ಸುತ್ತು. ವಜ್ರ ಸವೆಸಲು ವಜ್ರವೇ ಬೇಕಲ್ವಾ, ಹಾಗಾಗಿ ಅದರ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಚಕ್ರಕ್ಕೆ ಸವರುತ್ತೇವೆ. ಕಲ್ಲನ್ನು ಹಿಡಿಕೆಗೆ ಸಿಕ್ಕಿಸಿ ಮೆಲ್ಲಗೆ ತಾಗಿಸಬೇಕು. ಅದು ಎಲ್ಲ ದಿಕ್ಕಿಗೂ ಸವೆಯುವುದಿಲ್ಲ. ದಿಕ್ಕು ಸರಿಯಾಗಿ ಸಿಕ್ಕರೆ ಸದ್ದು ಮೆತ್ತಗೆ ಒಂದೇ ಸಮನೆ ಬರುತ್ತದೆ, ತಪ್ಪಿದರೆ ಕಿರ್ರ್ ಅನ್ನುತ್ತದೆ, ಕಲ್ಲು ಚೂರೂ ಸವೆಯದೆ ಚಕ್ರದ ಮೇಲೆ ಗೀರು ಬೀಳುತ್ತದೆ. ಆಗ ಎತ್ತಿ, ಲೂಪ್‌ನಲ್ಲಿ, ಅಂದರೆ ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಇಡುವುದು. ದುಂಡು ವಜ್ರಕ್ಕೆ 57 ಮುಖ, ಕೆಳಗಿನ ಚೂಪು ತುದಿಯನ್ನೂ ಚಪ್ಪಟೆ ಮಾಡಿದರೆ 58. ತಳದ ಮುಖಗಳ ಓರೆ 41 ಡಿಗ್ರಿಯ ಆಸುಪಾಸಿನಲ್ಲಿರಬೇಕು, ತೀರಾ ಕಡಿಮೆಯಾದರೆ ಬೆಳಕು ಕೆಳಗಿಂದ ಸೋರಿಹೋಗಿ ಕಲ್ಲು ಮಂಕಾಗಿ ಕಾಣುತ್ತದೆ. ಇಷ್ಟೆಲ್ಲ ಆಗುವಾಗ ಸಾಮಾನ್ಯವಾಗಿ ಒರಟು ಕಲ್ಲಿನ ಅರ್ಧಕ್ಕಿಂತ ಜಾಸ್ತಿ ತೂಕ ಹೋಗಿರುತ್ತದೆ.

2008ರಲ್ಲಿ ದೀಪಾವಳಿ ರಜೆ ಮುಗಿದರೂ ಎಷ್ಟೋ ಕಾರ್ಖಾನೆಗಳು ಬಾಗಿಲು ತೆರೆಯಲಿಲ್ಲ. ಅಮೆರಿಕದಲ್ಲಿ ಕೊಳ್ಳುವವರು ಕೈ ಬಿಗಿಹಿಡಿದಿದ್ದರು. ಕಲ್ಲಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಕಲ್ಲು ಬರದಿದ್ದರೆ ಕೂಲಿಯೂ ಇಲ್ಲ. ನಾನು ಊರಿಗೆ ಬಂದೆ.

ಕೆಲವು ವರ್ಷ ತೋಟ ನೋಡಿಕೊಂಡು, ಆಮೇಲೆ ಹಳೆಯ ಘಂಟಿ ತರಿಸಿದೆ. ಮಡಿಕೇರಿ ಬಿಟ್ಟು ಕುಶಾಲನಗರ ಯಾಕೆ ಅಂದರೆ ಇಲ್ಲಿ ಮಳೆ ಕಡಿಮೆ, ಕರೆಂಟ್ ಕಾಟವೂ ಅಷ್ಟಿಲ್ಲ. ನೆಲ ಅಗೆಸಿ ಕಾಂಕ್ರೀಟ್ ಪೀಠ ಹಾಕಿಸಿದೆ, ಚಕ್ರ ಎಳ್ಳಷ್ಟೂ ಅದುರಬಾರದು. ಬೆಂಗಳೂರಿನ ವ್ಯಾಪಾರಿಯೊಬ್ಬರು ಕಲ್ಲು ಕಳಿಸುತ್ತಾರೆ, ನಾವು ಕೂಲಿಗೆ ಮಾಡಿಕೊಡುತ್ತೇವೆ. ಈಗ ಹೆಚ್ಚಿನದು ಲ್ಯಾಬ್‌ನಲ್ಲಿ ಬೆಳೆಸಿದ್ದು. ಅದೂ ಇಂಗಾಲವೇ, ಅಷ್ಟೇ ಗಟ್ಟಿ, ಅದೇ ಸಾಣೆ. ಬೆಲೆ ಮಾತ್ರ ಇಳಿಯುತ್ತಲೇ ಇದೆ, ಕೂಲಿ ಚೌಕಾಸಿಯೂ ಜಾಸ್ತಿಯಾಗಿದೆ, ಅದೇ ನನ್ನ ಚಿಂತೆ.

ಕೂಡ್ಲೂರಿನ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸಿದ ಹೆಂಗಸರು ಈ ಕೆಲಸಕ್ಕೆ ಬೇಗ ಹೊಂದುತ್ತಾರೆ. ಕಾಫಿ ಬೀಜದ ಹಾಗೆ ಸಣ್ಣ ವಜ್ರವನ್ನೂ ಜರಡಿ ಹಿಡಿದು ಗಾತ್ರ ಬೇರೆ ಮಾಡುವುದು, ಆಮೇಲೆ ಬಣ್ಣ, ಕಲೆ ನೋಡಿ ಆರಿಸುವುದು. ಆ ಕಣ್ಣು ಅವರಿಗೆ ಆಗಲೇ ಇದೆ. "ಅಣ್ಣಾ, ಈ ಮುಖ ಆಯ್ತಾ?" ಅಂತ ಕೇಳಿದರೆ ನಾನು ಹೇಳುವುದು, "ಮೊದಲು ಸದ್ದು ಕೇಳಮ್ಮ, ಆಮೇಲೆ ಲೂಪ್ ಹಿಡಿ." ಕಲಿಯುವಾಗಲೂ ದಿನಗೂಲಿ ಕೊಡುತ್ತೇನೆ, ಸುಮ್ನೆ ದುಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ಮಳೆಗಾಲದೊಳಗೆ ಇನ್ನೊಂದು ಘಂಟಿ ಕೂರಿಸಬೇಕು, ಪಕ್ಕದ ಮಳಿಗೆಯವರ ಹತ್ತಿರ ಮಾತಾಡಿದ್ದೇನೆ.