ನಿರುದ್ಯೋಗ ಭತ್ಯೆಗೆ ತಕರಾರು ಹಾಕಿದ್ದೆ: ಒಂದರಲ್ಲಿ ಸೋತೆ, ಒಂದರಲ್ಲಿ ಗೆದ್ದೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನದೊಂದು ಚಿಕ್ಕ ಹೋಟೆಲ್ ಇದೆ. ನಾನು ಕೆಲಸದಿಂದ ತೆಗೆದವರು ನಿರುದ್ಯೋಗ ಭತ್ಯೆ ಕೇಳಿದಾಗ ಎರಡು ಸಲ ತಕರಾರು ಹಾಕಿದ್ದೇನೆ. ಮೊದಲನೆಯದರಲ್ಲಿ ಸೋತೆ. ಸೋಲಬೇಕಾದದ್ದೇ.

ಆ ಅಡುಗೆಯವನು ಕೆಟ್ಟವನಲ್ಲ. ಕೈ ನಿಧಾನ ಅಷ್ಟೇ, ಶನಿವಾರದ ರಶ್ಶಿನಲ್ಲಿ ದೋಸೆ ಸೀದುಹೋಗುತ್ತಿತ್ತು, ಆರ್ಡರ್ ಅದಲುಬದಲಾಗುತ್ತಿತ್ತು. ತೆಗೆದುಹಾಕಿದೆ. ಭತ್ಯೆ ಕೊಡುವ ರಾಜ್ಯದ ಇಲಾಖೆ ಇಡಿಡಿಯಿಂದ ನೋಟಿಸ್ ಬಂತು, 10 ದಿನದೊಳಗೆ ಉತ್ತರ ಕೊಡಬೇಕು, ನಾನು ಸಿಟ್ಟಿನಲ್ಲಿ ಕೂತು ಎರಡು ಪುಟ ಬರೆದೆ. ಸುಮ್ನೆ ಬರೆದಿದ್ದು. ಕೆಲಸ ಸರಿಯಾಗಿ ಬರದಿರುವುದು ಬೇರೆ, ಬೇಕಂತಲೇ ತಪ್ಪು ಮಾಡುವುದು ಬೇರೆ, ಅಲ್ವಾ? ಕೆಲಸದಿಂದ ತೆಗೆದವನಿಗೆ ಭತ್ಯೆ ತಪ್ಪುವುದು ಎರಡನೆಯದಕ್ಕೆ ಮಾತ್ರ, ಅದಕ್ಕೆ ಇಲ್ಲಿ ಮಿಸ್‌ಕಾಂಡಕ್ಟ್ ಅಂತಾರೆ. ಅದನ್ನು ಸಾಬೀತು ಮಾಡಬೇಕಾದವನು ಮಾಲೀಕ. ತಾನಾಗಿ ಬಿಟ್ಟುಹೋದವನಾದರೆ ಬಿಡಲು ತಕ್ಕ ಕಾರಣ ಇತ್ತೆಂದು ಅವನೇ ತೋರಿಸಬೇಕು, ಅಲ್ಲಿ ನಮಗೆ ಸ್ವಲ್ಪ ಮೇಲುಗೈ.

ಎರಡನೆಯ ಸಲ ಕ್ಯಾಷಿಯರ್. ಫೋನೂ ಮಾಡದೆ ಮೂರು ಸಲ ಕೆಲಸಕ್ಕೆ ಬರಲಿಲ್ಲ. ಮೊದಲೆರಡು ಸಲ ಎಚ್ಚರಿಕೆಯನ್ನು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೆ. ಆದರೂ ಇಡಿಡಿ ಅವಳ ಪರವಾಗಿಯೇ ತೀರ್ಮಾನ ಮಾಡಿತು. 30 ದಿನದೊಳಗೆ ಮೇಲ್ಮನವಿ ಹಾಕಿದೆ. ವಿಚಾರಣೆ ಫೋನಿನಲ್ಲೇ, ಆದರೆ ಪ್ರಮಾಣ ಮಾಡಿ ಹೇಳಬೇಕು. ನಾನೊಬ್ಬನೇ ಸಾಕು ಅಂದುಕೊಂಡಿದ್ದೆ, ಪುಣ್ಯಕ್ಕೆ ಗೆಳೆಯರೊಬ್ಬರು ಎಚ್ಚರಿಸಿದರು: ಅವಳ ದಾರಿ ಕಾದು ಕೌಂಟರಿನಲ್ಲಿ ನಿಂತಿದ್ದ ಮ್ಯಾನೇಜರನ್ನೇ ಕೂರಿಸು, ನೀನು ಹೇಳಿದರೆ ಕೇಳಿದ ಮಾತಾಗುತ್ತದೆ, ಅದಕ್ಕೆ ತೂಕ ಕಡಿಮೆ. ಹಾಗೇ ಆಯಿತು. ನನ್ನ ಹಳೇ ದೂರುಗಳೆಲ್ಲ ನ್ಯಾಯಾಧೀಶರಿಗೆ ಬೇಕಿರಲಿಲ್ಲ, ಕೊನೆಯ ದಿನ ಏನಾಯಿತು ಅಂತಲೇ ತಿರುಗಿಸಿ ತಿರುಗಿಸಿ ಕೇಳಿದರು. ಮಗುವಿಗೆ ಹುಷಾರಿರಲಿಲ್ಲ ಅಂದಳು. ಹಾಗಿದ್ದರೆ ಫೋನ್ ಯಾಕೆ ಮಾಡಲಿಲ್ಲ ಅಂದರು. ಉತ್ತರ ಬರಲಿಲ್ಲ. ಗೆದ್ದೆ. ಖುಷಿಯೇನೂ ಆಗಲಿಲ್ಲ.

ದುಡ್ಡಿನ ಲೆಕ್ಕ ಮೊದಲೇ ಗೊತ್ತಿದ್ದರೆ ಅಡುಗೆಯವನ ಮೇಲೆ ಅಷ್ಟು ಹಾರಾಡುತ್ತಿರಲಿಲ್ಲ. ಭತ್ಯೆ ವಾರಕ್ಕೆ ಹೆಚ್ಚೆಂದರೆ 450 ಡಾಲರ್, ಸಾಮಾನ್ಯವಾಗಿ 26 ವಾರದವರೆಗೆ. ಅದು ನೇರ ನಮ್ಮ ಗಲ್ಲಾಪೆಟ್ಟಿಗೆಯಿಂದ ಹೋಗುವುದಿಲ್ಲ. ನಮ್ಮ ಖಾತೆಗೆ ಹತ್ತಿ, ಈ ಭತ್ಯೆಗೆಂದು ಮಾಲೀಕರು ಕಟ್ಟುವ ತೆರಿಗೆಯ ದರ ಮುಂದೆ ಏರಬಹುದು, ಅಷ್ಟೇ. ತೆರಿಗೆಯೂ ಒಬ್ಬೊಬ್ಬರ ವರ್ಷದ ಮೊದಲ 7,000 ಡಾಲರ್ ಸಂಬಳದ ಮೇಲೆ ಮಾತ್ರ. ದರ 6.2 ಶೇಕಡಾ ಮುಟ್ಟಿದರೂ ತಲೆಗೆ 434 ಡಾಲರ್.

ಆಮೇಲೊಂದು ಜನವರಿಯಲ್ಲಿ ವ್ಯಾಪಾರ ಬಿದ್ದು ಇಬ್ಬರನ್ನು ಕಳಿಸಬೇಕಾಯಿತು. ಅವರು ಭತ್ಯೆ ಕೇಳಿದಾಗ ನಾನು ತಕರಾರು ಹಾಕಲಿಲ್ಲ. ಅವರಲ್ಲೊಬ್ಬ ಈಗ ಮತ್ತೆ ಭಾನುವಾರ ಬೆಳಗ್ಗೆ ಇಡ್ಲಿ ಹಾಕಲು ಬರುತ್ತಾನೆ.