ಹೊಸಬರಿಗೆ ಮಾರ್ಗದರ್ಶಿ: ಪಿಟ್ಸ್‌ಬರ್ಗಿಗೆ ಬಂದವರು ಓದಬೇಕಾದ ಪೇಪರ್

ಮೊದಲ ವಾರ

ಸೋಷಿಯಲ್ ಸೆಕ್ಯೂರಿಟಿ ನಂಬರ್, ಬ್ಯಾಂಕ್ ಖಾತೆ, ಮಕ್ಕಳ ಲಸಿಕೆ ಕಾರ್ಡು, ಬಸ್ ಪಾಸು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ದಾರಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಪೇಪರ್ ವಿಷಯ

ಇದನ್ನು ಉದ್ದಕ್ಕೆ ಬರೆಯುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಬಂದಾಗ ನಮ್ಮವರು ಕೊಟ್ಟ ಮೊದಲ ಬುದ್ಧಿಮಾತು: "ಆ ಕಡೆ ಮಾತ್ರ ಮನೆ ಮಾಡ್ಬೇಡಿ." ಆ ಕಡೆ ಅಂದರೆ ಆಫ್ರಿಕನ್ ಅಮೆರಿಕನ್ನರು ಇರುವ ಕಡೆ. ಹೇಳಿದವರಲ್ಲಿ ಒಬ್ಬರೂ ಆ ಬೀದಿಯಲ್ಲಿ ಇಳಿದು ನಡೆದವರಲ್ಲ. ಬಾಡಿಗೆ ಕಮ್ಮಿ ಅಂತ ನಾವು ಅಲ್ಲೇ ಮನೆ ಹಿಡಿದೆವು. ಪಕ್ಕದ ಮನೆಯ ಅಜ್ಜಿ ದಿನಾ ಮೆಟ್ಟಿಲ ಮೇಲಿಂದ ಮಾತಾಡಿಸುತ್ತಿದ್ದರು, ನಾನು ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆ. ಹಿಮ ಬಿದ್ದು ಬಸ್ಸು ನಿಂತ ದಿನ ಒಳಗೆ ಕರೆದು ಕಾಫಿ ಕೊಟ್ಟರು. ಮೇಜಿನ ಮೇಲೆ ನ್ಯೂ ಪಿಟ್ಸ್‌ಬರ್ಗ್ ಕೊರಿಯರ್ ಪೇಪರ್ ಹರಡಿತ್ತು. ಮೊಮ್ಮಗಳ ಬಹುಮಾನದ ಫೋಟೊ ಬಂದಿತ್ತು. ಅಂಚು ತಪ್ಪದಂತೆ ಕತ್ತರಿಸಿ ಫ್ರಿಡ್ಜಿಗೆ ಅಂಟಿಸಿದರು. ಹಾಸನದಲ್ಲಿ ಅಮ್ಮ ನನ್ನ ಎಸ್ಸೆಸ್ಸೆಲ್ಸಿ ಸುದ್ದಿಯನ್ನು ಹೀಗೇ ದೇವರ ಮನೆ ಬಾಗಿಲಿಗೆ ಅಂಟಿಸಿದ್ದರು.

ಹೈಂಜ್ ಕಾರ್ಖಾನೆಯ ಕಾವಲುಗಾರ ಎಡ್ವಿನ್ ಹಾರ್ಲ್‌ಸ್ಟನ್ 1907ರಲ್ಲಿ ಶುರು ಮಾಡಿದ, ಆಫ್ರಿಕನ್ ಅಮೆರಿಕನ್ನರ ವಾರಪತ್ರಿಕೆ ಇದು. ವಕೀಲ ರಾಬರ್ಟ್ ವ್ಯಾನ್ ಅದನ್ನು ದೇಶಕ್ಕೆಲ್ಲ ಮುಟ್ಟಿಸಿದರು. ದಕ್ಷಿಣದ ಊರುಗಳಿಗೆ ಪುಲ್‌ಮನ್ ರೈಲಿನ ಪೋರ್ಟರುಗಳು ಕಟ್ಟು ಕಟ್ಟಾಗಿ ಗುಟ್ಟಿನಲ್ಲಿ ಸಾಗಿಸಿದರು. 1942ರಲ್ಲಿ "ಡಬಲ್ ವಿ" ಚಳವಳಿ ಎಬ್ಬಿಸಿದ್ದು ಇದೇ: ಹೊರಗೆ ಫ್ಯಾಸಿಸಂ ಮೇಲೆ ಒಂದು ಗೆಲುವು, ಮನೆಯೊಳಗಿನ ವರ್ಣಭೇದದ ಮೇಲೆ ಇನ್ನೊಂದು. 1966ರಲ್ಲಿ ಕೈಬದಲಾಗಿ, ಮರುವರ್ಷ ಹೆಸರಿಗೆ "ನ್ಯೂ" ಸೇರಿತು.

ಅಜ್ಜಿಯ ತವರು ಇದೇ ಊರಿನ ಹಿಲ್ ಡಿಸ್ಟ್ರಿಕ್ಟ್ ಬಡಾವಣೆ. 1950ರ ದಶಕದಲ್ಲಿ ಕ್ರೀಡಾಂಗಣಕ್ಕೆಂದು ಅದರ ಕೆಳಭಾಗವನ್ನು ನೆಲಸಮ ಮಾಡಿ ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಿದರು. ಕೊರಿಯರ್‌ನ ಫೋಟೊಗ್ರಾಫರ್ ಟೀನಿ ಹ್ಯಾರಿಸ್ ಆ ಬೀದಿಗಳ ಫೋಟೊ ತೆಗೆದಿಟ್ಟಿದ್ದಾರೆ. ನೆಗೆಟಿವ್‌ಗಳು ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. "ಆ ಕಡೆ" ಅನ್ನುವ ಮೊದಲು ಒಮ್ಮೆ ನೋಡಿಬನ್ನಿ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದು ಆಫ್ರಿಕನ್ ಅಮೆರಿಕನ್ನರ ಹಕ್ಕಿನ ಹೋರಾಟದ ಕಾವಿನಲ್ಲಿ. ಡಿಗ್ರಿಯ ಬಲದಿಂದಲೇ ಬಂದೆವು ಅಂದುಕೊಂಡಿದ್ದರೆ ತಿದ್ದಿಕೊಳ್ಳಿ. "ಕರಿಯರು" ಅನ್ನುವ ಮಾತನ್ನು ಮನೆಯೊಳಗೂ ಬಿಡಿ, ಮಕ್ಕಳು ಅದನ್ನೇ ಶಾಲೆಗೆ ಒಯ್ಯುತ್ತಾರೆ.

ಪೇಪರಿನಲ್ಲಿ ನೋಡಬೇಕಾದ್ದು

- ಶಾಲಾ ಮಂಡಳಿ ಸುದ್ದಿ
- ಸಾರ್ವಜನಿಕ ಸಭೆಗಳ ಪ್ರಕಟಣೆ
- ಕೆಲಸದ ಜಾಹೀರಾತು
- ಚರ್ಚ್ ಕಾರ್ಯಕ್ರಮಗಳು (ಎಲ್ಲರಿಗೂ ಊಟವಿರುವುದೂ ಉಂಟು, ಸಂಕೋಚ ಬೇಡ)

ಸಂಘದವರಿಗೆ ಒಂದು ಮಾತು

ನಮ್ಮ ರಾಜ್ಯೋತ್ಸವ ಚೆನ್ನಾಗಿ ನಡೆಯುತ್ತದೆ, ಹೆಮ್ಮೆಯಿದೆ. ಅಕ್ಕಪಕ್ಕದವರು ಬರಲಿಲ್ಲ ಅಂತ ಗೊಣಗುತ್ತೇವೆ. ಅವರ ಕಾರ್ಯಕ್ರಮಕ್ಕೆ ನಾವೆಷ್ಟು ಜನ ಹೋಗಿದ್ದೇವೆ? ಈ ವರ್ಷ ಆಮಂತ್ರಣ ಕೊರಿಯರ್ ಕಚೇರಿಗೂ ಹೋಗಲಿ. ಅಜ್ಜಿಗೆ ನಾನೇ ಕೊಟ್ಟು ಬರುತ್ತೇನೆ.